ಕಾಲರಿನ ಮೇಲೆ ಎಣ್ಣೆ ಕಲೆ ಇಲ್ಲ

ಅಫಜಲಪುರ
14 ಜುಲೈ 2024

ಸಪ್ನಾ,

ನೀನು ಕಳಿಸಿದ ಎರಡು ಯೂನಿಫಾರ್ಮ್ ಒಗೆದು ತಿರುಗಿ ಕಳಿಸಿದ್ದೇನೆ. ಸೊಂಟದಲ್ಲಿ ಅರ್ಧ ಇಂಚು ಬಿಟ್ಟಿದ್ದೇನೆ. ಗಂಟನ್ನು ಎಂದಿನಂತೆ ಜೇವರ್ಗಿ ಬಸ್ಸಿನ ಕಂಡಕ್ಟರ್ ಚಂದ್ರಾಮಪ್ಪನ ಕೈಯಲ್ಲಿ ಕೊಟ್ಟಿದ್ದೇನೆ. ಅದರ ಬಾಯಿಗೆ ಕೆಂಪು ದಾರದಿಂದ ಹನ್ನೊಂದು ಹೊಲಿಗೆ ಹಾಕಿದ್ದೇನೆ. ಎಣಿಸಿ ನೋಡು. ಹೆಚ್ಚುಕಡಿಮೆ ಇದ್ದರೆ ಯಾರೋ ಬಿಚ್ಚಿ ಮತ್ತೆ ಹೊಲಿದಿದ್ದಾರೆ ಎಂದು ತಿಳಿ. ಚಂದ್ರಾಮಪ್ಪ ಒಳ್ಳೆಯವನೇ. ಆದರೆ ಅವನ ಮನೆಯಲ್ಲಿ ಹೆಂಡತಿ ಇದ್ದಾಳೆ, ನಮ್ಮ ಗೋಡೆಯಾಚೆಯ ಗಂಗಾಬಾಯಿ, ಕಂಡದ್ದನ್ನೆಲ್ಲ ಊರಿಗೆ ಹಂಚುವವಳು.

ಈಗ ವಿಷಯ. ಬಟ್ಟೆ ನೀರಿಗೆ ಹಾಕುವ ಮೊದಲು ಕಾಲರ್ ನೋಡಿದೆ. ಹೋದ ವರ್ಷ ನೀನು ಕಳಿಸಿದ ಒಂದೊಂದು ಯೂನಿಫಾರ್ಮಿಗೂ ಕಾಲರಿನ ಹಿಂದೆ, ನಡುಮಧ್ಯದಲ್ಲಿ, ತುರುಬಿನ ಎಣ್ಣೆ ಕಲೆ ಇರುತ್ತಿತ್ತು. ತಿಕ್ಕಿ ತಿಕ್ಕಿ ನನ್ನ ಬೆರಳು ಸವೆದಿವೆ. ಈ ಸಲ ಎರಡೂ ಕಾಲರ್ ಬೆಳ್ಳಗಿವೆ. ಇಪ್ಪತ್ತು ವರ್ಷದಿಂದ ಮಂದಿಯ ಬಟ್ಟೆ ಹೊಲಿಯುತ್ತಿದ್ದೇನೆ. ಯಾರ ಹೆಗಲು ಇಳಿದಿದೆ, ಯಾರ ಹೊಟ್ಟೆಯಲ್ಲಿ ಕೂಸಿದೆ ಎಂಬುದು ಅವರ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ತಲೆಗೆ ಎಣ್ಣೆ ಹಚ್ಚುವುದನ್ನು ಯಾಕೆ ಬಿಟ್ಟೆ?

ಮಾರ್ಚಿನಲ್ಲಿ ಭೂಸನೂರಿನವರು ನಿನ್ನನ್ನು ನೋಡಲು ಬಂದದ್ದು ನೆನಪಿದೆಯಲ್ಲ. ಗೌರಾಬಾಯಿಯವರು ಚಹಾ ಮುಟ್ಟುವ ಮೊದಲೇ ನಿನ್ನನ್ನು ಒಳಗೆ ಕರೆದುಕೊಂಡು ಹೋಗಿ, ಜಡೆ ಬಿಚ್ಚಿಸಿ, ಚೌರಿ ಸೇರಿಸಿದ್ದೇವೋ ಎಂದು ಬುಡದವರೆಗೆ ಬೆರಳಾಡಿಸಿ ನೋಡಿದರು. "ಎಲ್ಲಾ ಖರೇ ಕೂದಲಾನೇ ಅವ. ನಮ್ಮ ಶಾಂತಕುಮಾರಗ ಇದೇ ಹುಡುಗಿ" ಅಂದರು. ಒಂದು ವರ್ಷ ಕಲಿತದ್ದು ಸಾಕೆಂದು ನಿಮ್ಮಪ್ಪ ನಿನ್ನನ್ನು ಬಿಡಿಸಿ ತರುವವರಿದ್ದರು. "ನಮಗ ನರ್ಸಿಂಗ್ ಕಲಿಯೋ ಹುಡುಗಿನೇ ಬೇಕ್ರಿ" ಎಂದು ಆ ಮಂದಿ ಅಂದದ್ದಕ್ಕೆ ಸುಮ್ಮನಾದರು. ಈ ಸಂಬಂಧ ಇರುವವರೆಗೆ ನಿನ್ನ ಕಾಲೇಜು. ಇದು ಮುರಿದ ದಿನ ಅದೂ ಮುರಿಯುತ್ತದೆ.

ಭಾನುವಾರದ ಫೋನಿನಲ್ಲಿ ಈ ಮಾತು ಎತ್ತಬೇಡ. ನಿಮ್ಮಪ್ಪ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂತಿರುತ್ತಾರೆ. ಬರೆದು ತಿಳಿಸು.

ನಿನ್ನ ಅವ್ವ,
ಸುನಿತಾ


ಜೇವರ್ಗಿ, ಹಾಸ್ಟೆಲ್
20 ಜುಲೈ 2024

ಅವ್ವಾ,

ಗಂಟು ಮುಟ್ಟಿತು. ಹೊಲಿಗೆ ಎಣಿಸಿದೆ, ಹನ್ನೊಂದೇ ಇದ್ದವು.

ಎಣ್ಣೆ ಬಿಟ್ಟದ್ದು ಹೌದು. ಎಣ್ಣೆ ಹಚ್ಚಿದರೆ ಪಿನ್ನು ಜಾರುತ್ತವೆ, ತುರುಬಿನ ಬಲೆ ನಿಲ್ಲುವುದಿಲ್ಲ. ಎರಡನೇ ವರ್ಷದಲ್ಲಿ ದಿನಾ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ. ಅಲ್ಲಿ ಕೂದಲು ಕಾಲರ್ ಮುಟ್ಟಬಾರದು, ಹಣೆಯ ಮೇಲೆ ಬೀಳಬಾರದು, ರೋಗಿಯ ಮೇಲೆ ಬಗ್ಗಿದಾಗ ಮುಂದಕ್ಕೆ ಬರಬಾರದು. ಒಮ್ಮೆ ಕೈ ತೊಳೆದ ಮೇಲೆ ಅದನ್ನು ಸರಿಮಾಡಲು ಕೈ ಮೇಲೆ ಹೋಗುವಂತಿಲ್ಲ. ಹೇಗೆ ಕಟ್ಟಿಕೊಳ್ಳುತ್ತೀರಿ ಎಂಬುದು ನಿಮಗೆ ಬಿಟ್ಟದ್ದು ಎನ್ನುತ್ತಾರೆ.

ನಾನು ಎಲ್ಲ ಬಗೆಯನ್ನೂ ನೋಡಿದ್ದೇನೆ. ಒಂದೇ ತುರುಬು ಕಟ್ಟಿದರೆ ಭಾರಕ್ಕೆ ಹನ್ನೊಂದು ಗಂಟೆಯ ಹೊತ್ತಿಗೆ ಇಳಿಯುತ್ತದೆ. ಎರಡು ಜಡೆ ಹಾಕಿ ಮಡಚಿ ಕಟ್ಟಿದರೆ ಬಲೆಯಲ್ಲಿ ಹಿಡಿಸುವುದಿಲ್ಲ. ತಲೆಯ ಸುತ್ತ ಜಡೆ ಸುತ್ತಿದರೆ ಮಧ್ಯಾಹ್ನಕ್ಕೆ ತಲೆನೋವು. ಕೋಣೆಯ ಗೆಳತಿ ಖುರ್ಷಿದ ಹತ್ತೊಂಬತ್ತು ಪಿನ್ನು ಚುಚ್ಚಿ, "ಇದು ತಲಿ ಅಲ್ಲಬೇ, ಜ್ವಾಳದ ಕಣಕಿ ಬಣವಿ" ಎಂದಳು. ಅವಳ ಕೂದಲು ಗದ್ದದವರೆಗೆ ಮಾತ್ರ. ಬೆಳಿಗ್ಗೆ ಎರಡು ಕ್ಲಿಪ್ಪು ಹಾಕಿ ನನಗಿಂತ ಅರ್ಧ ಗಂಟೆ ಮೊದಲು ನಾಷ್ಟಾಕ್ಕೆ ಹೋಗುತ್ತಾಳೆ.

ಪಂಚಮಿಗೆ ಒಂದೇ ದಿನ ರಜೆ ಇದೆ, ಬರುತ್ತೇನೆ.

ನಿನ್ನ ಮಗಳು,
ಸಪ್ನಾ


ಅಫಜಲಪುರ
12 ಆಗಸ್ಟ್ 2024

ಸಪ್ನಾ,

ಹೋದ ತಿಂಗಳ ಗಂಟಿಗೆ ನಾನು ಹಾಕಿದ್ದು ಹನ್ನೆರಡು ಹೊಲಿಗೆ. ಹನ್ನೊಂದು ಎಂದು ಬೇಕೆಂದೇ ಬರೆದಿದ್ದೆ. ಎಣಿಸಿದೆ, ಹನ್ನೊಂದೇ ಇದ್ದವು ಎಂದು ನೀನು ಬರೆದೆ. ಎಣಿಸದೆ ಬರೆದೆ. ಇಷ್ಟು ಸಣ್ಣದಕ್ಕೆ ಸುಳ್ಳು ಹೇಳುವವಳು ದೊಡ್ಡದಕ್ಕೆ ಏನು ಹೇಳಿಯಾಳು ಎಂಬ ಯೋಚನೆಯಲ್ಲೇ ಹಬ್ಬ ಕಳೆದೆ.

ನೋಡಿದ್ದನ್ನು ಬರೆಯುತ್ತೇನೆ. ಪಂಚಮಿಗೆ ಬಂದಾಗಿನಿಂದ ಹೋಗುವವರೆಗೆ ನೀನು ತಲೆಯ ಮೇಲಿನ ಓಢಣಿ ತೆಗೆಯಲಿಲ್ಲ. ಎಣ್ಣೆ ಬಿಸಿ ಮಾಡಿ ಕರೆದರೆ ನೆಗಡಿ ಎಂದೆ. ಮೂಗು ಒಣಗಿತ್ತು. ಜೋಕಾಲಿ ಜೀಕುವಾಗ ಎಲ್ಲ ಹುಡುಗಿಯರೂ ಎರಡು ಕೈಯಿಂದ ಹಗ್ಗ ಹಿಡಿದರೆ ನೀನು ಒಂದು ಕೈಯಿಂದ ಹಿಡಿದು, ಇನ್ನೊಂದರಲ್ಲಿ ಜಡೆಯನ್ನು ಸೊಂಟಕ್ಕೆ ಒತ್ತಿಕೊಂಡಿದ್ದೆ. ಕೂತಾಗ ಗೋಡೆಗೆ ಬೆನ್ನು ಕೊಟ್ಟೇ ಕೂತೆ.

ಕತ್ತಿನ ಮೇಲೆ ಏನಾದರೂ ಗುರುತು ಇದೆಯಾ? ಇದ್ದರೆ ಯಾರು ಮಾಡಿದ್ದು? ತಲೆಯಲ್ಲಿ ಏನಾದರೂ ರೋಗವಾಗಿ ಕೂದಲು ಉದುರಿದೆಯಾ? ಇಲ್ಲ, ಆ ಭೂಸನೂರಿನ ಹುಡುಗ ಬೇಡವೆಂದು ಏನಾದರೂ ಮಾಡಿಕೊಂಡೆಯಾ? ಮೂರರಲ್ಲಿ ಯಾವುದು, ಬರೆ. ಯಾವುದೂ ಅಲ್ಲ ಎಂದು ಬರೆದರೆ ನಾನೇ ಬಸ್ಸು ಹತ್ತುತ್ತೇನೆ.

ನಿಮ್ಮಪ್ಪನಿಗೆ ಇನ್ನೂ ಏನೂ ಹೊಳೆದಿಲ್ಲ. ಹೊಳೆಯುವುದಕ್ಕೆ ಹೊತ್ತು ಬೇಕಾಗುವುದಿಲ್ಲ.

ಅವ್ವ


ಜೇವರ್ಗಿ
17 ಆಗಸ್ಟ್ 2024

ಅವ್ವಾ,

ಮೂರೂ ಅಲ್ಲ. ಬಸ್ಸು ಹತ್ತಬೇಡ. ಪೂರ್ತಿ ಓದು.

ಜೂನ್ ಹತ್ತೊಂಬತ್ತರಂದು ನನಗೆ ಡ್ರೆಸ್ಸಿಂಗ್ ಕೆಲಸ ಇತ್ತು. ಅಜೀಜಾಬಿ ಎಂಬ ಮುದುಕಿ, ಸಕ್ಕರೆ ಕಾಯಿಲೆ, ಕಾಲಿನ ಗಾಯ ಅಂಗೈಯಗಲ. ಪಟ್ಟಿ ಬಿಚ್ಚಿಯಾಗಿತ್ತು. ಶುದ್ಧ ಮಾಡಿದ ಹತ್ತಿ, ಚಿಮುಟ, ಎಲ್ಲ ಟ್ರೇಯಲ್ಲಿ ಇತ್ತು. ನಾನು ಬಗ್ಗಿದೆ. ತುರುಬು ಬಿಚ್ಚಿ, ಬಲೆಯ ಸಮೇತ ಜಡೆ ಟ್ರೇಯೊಳಗೆ ಬಿತ್ತು.

ಸಿಸ್ಟರ್ ಬೈಯಲಿಲ್ಲ. ಟ್ರೇ ತೆಗೆದು ಪಕ್ಕಕ್ಕಿಟ್ಟು, "ನೀ ಹೊರಗ ನಿಂದ್ರು" ಎಂದರು. ಹೊಸ ಟ್ರೇ ಬರುವವರೆಗೆ ಇಪ್ಪತ್ತು ನಿಮಿಷ ಆ ಮುದುಕಿ ಕಾಲು ಎತ್ತಿಕೊಂಡೇ ಕೂತಿದ್ದಳು. ಬಾಗಿಲಿನಿಂದ ನೋಡಿದೆ. ನನ್ನನ್ನು ಕಂಡು, "ಹೋಗ್ಲಿ ಬಿಡವ್ವಾ, ಕೂದಲಾ ಚೊಲೋ ಅವ ನಿನ್ನವು" ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ಅದು ಎರಡನೇ ಸಲ. ಮೇ ತಿಂಗಳಲ್ಲಿ ಒಮ್ಮೆ ಆಗಿತ್ತು, ನಿನಗೆ ತಿಳಿಸಿರಲಿಲ್ಲ. ಮೂರನೇ ಸಲ ಆದರೆ ನನ್ನ ವಾರ್ಡಿನ ತಾಸುಗಳಿಗೆ ಸಹಿ ಬೀಳುವುದಿಲ್ಲ, ಪರೀಕ್ಷೆಗೆ ಕೂಡಿಸುವುದಿಲ್ಲ. ಕತ್ತರಿಸು ಎಂದು ಯಾರೂ ಹೇಳಲಿಲ್ಲ. ಆ ಸಂಜೆ ನಾನೇ ಖುರ್ಷಿದಳ ಕೈಗೆ ಕತ್ತರಿ ಕೊಟ್ಟೆ. ಅವಳು ಮೂರು ಸಲ ಕೇಳಿ ಕತ್ತರಿಸಿದಳು. ಈಗ ಗದ್ದದವರೆಗೆ ಇದೆ. ಪಂಚಮಿಗೆ ಬಂದಾಗ ಹಾಕಿದ್ದು ಇಲ್ಲಿಯ ಅಂಗಡಿಯಲ್ಲಿ ಕೊಂಡ ಚೌರಿ.

ಸುಳ್ಳು ಹೇಳಿದ್ದು ತಪ್ಪು. ಕತ್ತರಿಸಿದ್ದು ತಪ್ಪಲ್ಲ. ಅಪ್ಪನಿಗೆ ಹೇಳಬೇಡ.

ಸಪ್ನಾ


ಅಫಜಲಪುರ
26 ಆಗಸ್ಟ್ 2024

ಸಪ್ನಾ,

ಎಂಟು ದಿನ ನಿನಗೆ ಬರೆಯಬಾರದು ಎಂದು ಕೂತಿದ್ದೆ. ಕೂತು ಆಯಿತು.

ನೀನು ಹಾಕಿಕೊಂಡು ಬಂದದ್ದು ನೈಲಾನಿನ ಚೌರಿ. ಬಿಸಿಲಿಗೆ ಹೊಳೆಯುತ್ತಿತ್ತು. ಗೌರಾಬಾಯಿಯವರು ಅದನ್ನು ಮುಟ್ಟುವುದೂ ಬೇಡ, ಬಾಗಿಲಿನಿಂದಲೇ ಗುರುತಿಸುತ್ತಾರೆ. ದೀಪಾವಳಿ ಪಾಡ್ಯಕ್ಕೆ ಹುಡುಗನನ್ನು ಕರೆದುಕೊಂಡು, ಸೀರೆ ತಂದು ನಿನಗೆ ಹೂ ಮುಡಿಸಲು ಬರುತ್ತಾರಂತೆ. ನಿಮ್ಮಪ್ಪ ಹೂಂ ಎಂದಿದ್ದಾರೆ.

ಕತ್ತರಿಸಿದ ಕೂದಲು ಎಲ್ಲಿದೆ? ಇದ್ದರೆ ಕಳಿಸು. ನಿನ್ನ ಕೂದಲಿನಿಂದಲೇ ಚೌರಿ ಮಾಡುತ್ತೇನೆ. ಬಣ್ಣಕ್ಕೆ ಬಣ್ಣ ಕೂಡುತ್ತದೆ. ಕಳ್ಳತನ ಮಾಡುವುದೇ ಆದರೆ ಹೊಲಿಗೆ ಕಾಣಬಾರದು.

ಖುರ್ಷಿದಳ ಮೇಲೆ ನನಗೆ ಸಿಟ್ಟಿಲ್ಲ. ಮೂರು ಸಲ ಕೇಳಿದಳಲ್ಲ. ನೀನು ನನ್ನನ್ನು ಒಂದು ಸಲವೂ ಕೇಳಲಿಲ್ಲ.

ಅವ್ವ


ಜೇವರ್ಗಿ
2 ಸೆಪ್ಟೆಂಬರ್ 2024

ಅವ್ವಾ,

ಕಳಿಸಿದ್ದೇನೆ. ಟ್ರಂಕಿನ ತಳದಲ್ಲಿ ಪತ್ರಿಕೆಯಲ್ಲಿ ಸುತ್ತಿ ಇಟ್ಟಿದ್ದೆ. ಚಂದ್ರಾಮಪ್ಪ ಗಂಟು ಎತ್ತಿ ನೋಡಿ, "ಏನವ್ವಾ, ಇಷ್ಟ ಹಗುರದ?" ಎಂದು ಕೇಳಿದ. ಪುಸ್ತಕ ಎಂದೆ. ನಂಬಲಿಲ್ಲ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಆ ಮಂದಿಗೆ ಕಬ್ಬಿನ ಹೊಲ ಇದೆ, ಎರಡು ಟ್ರ್ಯಾಕ್ಟರ್ ಇವೆ. ಅಂಥವರು ಸೊಸೆ ನೌಕರಿ ಮಾಡುವುದನ್ನು ಬೇಡ ಎನ್ನುತ್ತಾರೆ. ಇವರು ನರ್ಸಿಂಗ್ ಹುಡುಗಿಯನ್ನೇ ಹುಡುಕಿಕೊಂಡು ಆಳಂದ ತಾಲೂಕಿನಿಂದ ಅಫಜಲಪುರಕ್ಕೆ ಯಾಕೆ ಬಂದರು? ನಾವು ಯಾರೂ ಅವರನ್ನು ಕೇಳಲೇ ಇಲ್ಲ.

ಸಪ್ನಾ


ಅಫಜಲಪುರ
15 ಸೆಪ್ಟೆಂಬರ್ 2024

ಸಪ್ನಾ,

ಕೂದಲು ಮುಟ್ಟಿತು. ದಿನಾ ನಿಮ್ಮಪ್ಪ ಬೀಜ-ಗೊಬ್ಬರದ ಅಂಗಡಿಗೆ ಹೋದ ಮೇಲೆ ಒಂದು ತಾಸು ಹೊಲಿಯುತ್ತೇನೆ. ಮಷೀನಿಗೆ ಬರುವ ಕೆಲಸವಲ್ಲ, ಕೈಹೊಲಿಗೆಯೇ ಆಗಬೇಕು. ನಾನೇ ಎಣ್ಣೆ ಹಚ್ಚಿ ಬೆಳೆಸಿದ್ದು ಎಂಬುದು ಆಗಾಗ ನೆನಪಾಗುತ್ತದೆ. ಅಷ್ಟೇ.

ನೀನು ಕೇಳಿದ್ದಕ್ಕೆ ಉತ್ತರ: ಹೆಣ್ಣಿನ ಕಡೆಯವರು ಅದನ್ನೆಲ್ಲ ಕೇಳುವುದಿಲ್ಲ.

ಅವ್ವ


ಜೇವರ್ಗಿ
5 ನವೆಂಬರ್ 2024

ಅವ್ವಾ,

ಪಾಡ್ಯದ ದಿನ ನೀನು ಹೋಳಿಗೆ ಬಡಿಸಲು ಒಳಗೆ ಹೋಗಿದ್ದೆ, ಅಪ್ಪ ಹೊರಗೆ ಕಟ್ಟೆಯ ಮೇಲೆ ಇದ್ದರು. ಪಡಸಾಲೆಯಲ್ಲಿ ಮೂವರೇ ಇದ್ದೆವು. ಅಲ್ಲಿ ಆದದ್ದನ್ನು ನಿನಗೆ ಹೇಳಲು ಅವಕಾಶ ಸಿಗಲಿಲ್ಲ.

ಗೌರಾಬಾಯಿಯವರು ನನ್ನ ಹಿಂದೆ ನಿಂತು ಸೇವಂತಿಗೆ ಮುಡಿಸುತ್ತಿದ್ದರು. ಶಾಂತಕುಮಾರ ಎದುರಿಗೆ ಕೂತಿದ್ದರು. "ಆಸ್ಪತ್ರ್ಯಾಗ ಹೂ ಮುಡಿಯಾಕ ಬಿಡ್ತಾರೇನ್ರಿ?" ಎಂದು ಕೇಳಿದರು.

"ಇಲ್ರಿ. ಮಲಗಿದವರು ಲಗ್ನದ ಮನಿ ಅಂತ ಎದ್ದು ಊಟಕ್ಕ ಕೂತಾರು" ಎಂದೆ.

ಜೋರಾಗಿ ನಕ್ಕರು. ಮಾರ್ಚಿನಲ್ಲಿ ಅವರು ನಕ್ಕಿರಲಿಲ್ಲ. ವಸಡು ಉಬ್ಬಿ, ಹಲ್ಲಿನ ಅರ್ಧದವರೆಗೆ ಇಳಿದಿತ್ತು. ಅಂಥ ವಸಡನ್ನು ವಾರ್ಡಿನಲ್ಲಿ ನೋಡಿದ್ದೇನೆ. ಫಿಟ್ಸ್ ಬರದಂತೆ ಕೊಡುವ ಒಂದು ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದವರಿಗೆ ಹೀಗಾಗುತ್ತದೆ. ಬೇರೆ ಕಾರಣವೂ ಇರಬಹುದು. ಅದಕ್ಕೆ ಮೆಲ್ಲಗೆ ಕೇಳಿದೆ, "ನೀವು ದಿನಾ ಏನರ ಗುಳಿಗಿ ತೊಗೋತೀರೇನ್ರಿ?"

ಅವರು ತುಟಿ ಮುಚ್ಚಿದರು. ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ನಿಂತ ತಾಯಿಯನ್ನು ನೋಡಿದರು. ಅದೇ ಹೊತ್ತಿಗೆ ನನ್ನ ಜಡೆಯಲ್ಲಿದ್ದ ಬೆರಳುಗಳು ನಿಂತವು. ನಿಂತದ್ದು ನೀನು ಚೌರಿ ಕೂಡಿಸಿದ ಜಾಗದಲ್ಲಿ. ಹೊಲಿಗೆಯ ಉದ್ದಕ್ಕೂ ಒಂದು ಬೆರಳು ಸರಿಯಿತು, ಆ ತುದಿಯಿಂದ ಈ ತುದಿಗೆ. ಅವರಿಗೆ ನಾನು, ನನಗೆ ಅವರು, ಇಬ್ಬರೂ ಸಿಕ್ಕಿಬಿದ್ದಿದ್ದೆವು. ಆಮೇಲೆ ಗೌರಾಬಾಯಿಯವರೇ, "ಹೂ ಚೊಲೋ ನಿಂತಾವ" ಎಂದರು. ಅಷ್ಟರಲ್ಲಿ ನೀನು ಹೋಳಿಗೆ ತಂದೆ.

ಮೂರು ದಿನವಾಯಿತು. ಅವರು ಯಾಕೆ ಸುಮ್ಮನಿದ್ದಾರೆ?

ಸಪ್ನಾ


ಭೂಸನೂರ
9 ನವೆಂಬರ್ 2024

ಸುನಿತಾಬಾಯಿಯವರಿಗೆ ಗೌರಾಬಾಯಿಯ ಶರಣಾರ್ಥಿ.

ಹಬ್ಬದ ಊಟ ಭಾಳ ಚೊಲೋ ಆಗಿತ್ರಿ. ನಿಮ್ಮ ಕೈಹೊಲಿಗಿ ಅದಕ್ಕಿಂತ ಚೊಲೋ ಅದ. ಬ್ಯಾರೆಯವರಿಗೆ ತಿಳೀತಿದ್ದಿಲ್ಲ. ನಾ ಅದನ್ನ ನಮ್ಮ ಮನೆಯವರ ಮುಂದೂ ಆಡಿಲ್ರಿ. ಕೂದಲಾ ಬೆಳೀತಾವ.

ನಿಮ್ಮ ಮಗಳು ನಮ್ಮ ಹುಡುಗಗ ಒಂದು ಮಾತು ಕೇಳಿದಳು. ಸಣ್ಣಾಂವ ಇದ್ದಾಗಿನಿಂದ ಗುಳಿಗಿ ತೊಗೋತಾನ. ಎರಡು ವರ್ಷದಿಂದ ಏನೂ ಆಗಿಲ್ಲ. ಮನ್ಯಾಗ ತಿಳಿದ ಹುಡುಗಿ ಒಬ್ಬಾಕಿ ಇದ್ರ ನನಗ ಧೈರ್ಯ ಅಂತ ಹುಡುಕಿದ್ವಿ. ಇದರಾಗ ತಪ್ಪೇನದ ಹೇಳ್ರಿ.

ಮಾಘದಾಗ ಲಗ್ನ ಮಾಡಿಬಿಡೋಣ್ರಿ. ಮೂರನೇ ವರ್ಷ ಯಾಕ್ರಿ? ಒಬ್ಬನ್ನ ನೋಡಿಕೊಳ್ಳಾಕ ಎರಡು ವರ್ಷ ಕಲತದ್ದು ಸಾಕಾಗ್ತದ. ನಿಮ್ಮ ಮಾತು ನಮ್ಮಲ್ಲಿ ಇರ್ಲಿ, ನಮ್ಮ ಮಾತು ನಿಮ್ಮಲ್ಲಿ ಇರ್ಲಿ.

ನಿಮ್ಮ ಬೀಗತಿ,
ಗೌರಾಬಾಯಿ


ಅಫಜಲಪುರ
14 ನವೆಂಬರ್ 2024

ಸಪ್ನಾ,

ಗೌರಾಬಾಯಿಯವರ ಪತ್ರವನ್ನು ಇದರ ಜೊತೆಗೆ ಇಟ್ಟಿದ್ದೇನೆ. ಓದಿ ತಿರುಗಿ ಕಳಿಸು, ಹರಿಯಬೇಡ. ನಾಳೆ ಬೇಕಾಗಬಹುದು.

ನಾನು ನಾಲ್ಕು ಸಲ ಓದಿದೆ. ಮೊದಲ ಸಲ ಮೈ ಉರಿಯಿತು. ನಾಲ್ಕನೇ ಸಲಕ್ಕೆ, ಹೂಂ ಎಂದರೆ ಏನು ಹೋಗುತ್ತದೆ ಎನ್ನಿಸಿತು. ಹುಡುಗ ಮೆತ್ತಗಿದ್ದಾನೆ. ರೋಗ ಯಾರಿಗಿಲ್ಲ. ನಮ್ಮದನ್ನು ಅವರು ಮುಚ್ಚುತ್ತಾರೆ, ಅವರದನ್ನು ನಾವು ಮುಚ್ಚೋಣ. ಎಷ್ಟೋ ಮನೆಗಳು ಇಷ್ಟರ ಮೇಲೇ ನಿಂತಿವೆ. ಒಲ್ಲೆ ಎಂದರೆ ಆಕೆ ನಿಮ್ಮಪ್ಪನ ಮುಂದೆ ಬಾಯಿ ಬಿಡುತ್ತಾಳೆ. ಆಗ ಲಗ್ನವೂ ಇಲ್ಲ, ಕಾಲೇಜೂ ಇಲ್ಲ. ಈಗ ಲಗ್ನವಾದರೂ ಉಳಿಯುತ್ತದೆ.

ಅವ್ವ


ಜೇವರ್ಗಿ
19 ನವೆಂಬರ್ 2024

ಅವ್ವಾ,

ಪತ್ರ ತಿರುಗಿ ಕಳಿಸಿದ್ದೇನೆ. ನಾನು ಒಲ್ಲೆ.

ಫಿಟ್ಸ್ ಇರುವುದಕ್ಕೆ ಒಲ್ಲೆ ಎನ್ನುತ್ತಿಲ್ಲ. ನೆಲೋಗಿಯಿಂದ ಒಬ್ಬ ಮಾಸ್ತರು ಅದಕ್ಕೇ ತೋರಿಸಿಕೊಳ್ಳಲು ಬರುತ್ತಾರೆ. ದಿನಾ ಗುಳಿಗೆ ನುಂಗುತ್ತಾರೆ, ದಿನಾ ಪಾಠ ಮಾಡುತ್ತಾರೆ, ಎರಡು ಮಕ್ಕಳಿವೆ. ಮುಚ್ಚಿಡುವ ಮನೆಯ ಮಂದಿಯನ್ನೂ ನೋಡಿದ್ದೇನೆ. ಬೀಗರ ಮುಂದೆ ಗುಳಿಗೆ ತೆಗೆಯಲು ನಾಚಿ ಒಂದು ಹೊತ್ತು ಬಿಡುತ್ತಾರೆ. ಆಮೇಲೆ ಬಿದ್ದು ತಲೆ ಒಡೆದುಕೊಂಡು ನಮ್ಮ ವಾರ್ಡಿಗೆ ಬರುತ್ತಾರೆ.

ನೀನು ಹೇಳುವ ಹಾಗೆ ಮಾಡಿದರೆ ನಾನು ಬದುಕಿರುವವರೆಗೆ ಗೌರಾಬಾಯಿಯವರ ಬೆರಳು ನನ್ನ ಜಡೆಯಲ್ಲಿ, ನನ್ನ ಬೆರಳು ಅವರ ಮಗನ ಗುಳಿಗೆ ಡಬ್ಬಿಯಲ್ಲಿ. ದಿನಾ ಒಬ್ಬರನ್ನೊಬ್ಬರು ಕಾಯುವುದು. ಅದಕ್ಕೆ ಮೂರನೇ ವರ್ಷವನ್ನು ಕೊಡಲಾರೆ. ಎರಡು ವರ್ಷ ಕಲಿತವಳು ನರ್ಸ್ ಅಲ್ಲ ಅವ್ವಾ. ಯಾವ ಆಸ್ಪತ್ರೆಯೂ ಅವಳನ್ನು ತೆಗೆದುಕೊಳ್ಳುವುದಿಲ್ಲ. ಅವಳು ಆ ಒಂದು ಮನೆಗೆ ಮಾತ್ರ ಉಪಯೋಗ. ಗೌರಾಬಾಯಿಯವರಿಗೆ ಅದು ಗೊತ್ತು.

ಮೂರನೇ ವರ್ಷದ ಫಾರಂ ಇದರಲ್ಲಿದೆ. ಡಿಸೆಂಬರ್ ಹತ್ತರೊಳಗೆ ಅಪ್ಪನ ಸಹಿ ಬೇಕು. ಎಲ್ಲವನ್ನೂ ಅವರಿಗೆ ಹೇಳು. ನೀನು ಹೇಳದಿದ್ದರೆ ಡಿಸೆಂಬರ್ ಒಂದರ ಭಾನುವಾರ ಫೋನಿನಲ್ಲಿ ನಾನೇ ಹೇಳುತ್ತೇನೆ. ಸ್ಪೀಕರ್ ಹೇಗೂ ಹಾಕಿರುತ್ತದೆ.

ಸಪ್ನಾ


ಅಫಜಲಪುರ
2 ಡಿಸೆಂಬರ್ 2024

ಸಪ್ನಾ,

ಹೇಳಿದೆ. ಫೋನಿನಲ್ಲಿ ನೀನು ಹೇಳಿದ್ದರೆ ಗೋಡೆಯಾಚೆಯ ಗಂಗಾಬಾಯಿಗೂ ಕೇಳುತ್ತಿತ್ತು.

ಚೌರಿಯನ್ನು ತಂದು ನಿಮ್ಮಪ್ಪನ ಮುಂದೆ ಇಟ್ಟೆ. ಏನೆಂದು ತಿಳಿಯಲಿಲ್ಲ ಅವರಿಗೆ. ತಿಳಿದ ಮೇಲೆ ತಾಟು ಸರಿಸಿ ಎದ್ದರು. "ತಾಯಿ ಮಗಳು ಕೂಡಿ ಆರು ತಿಂಗಳು ನನ್ನ ಮನ್ಯಾಗ ನನಗೇ ಚೌರಿ ಕಟ್ಟೀರಿ. ಇನ್ನೇನೇನು ಮುಚ್ಚಿಟ್ಟೀರಿ? ಎಲ್ಲಾ ತೆಗಿ ಹೊರಗ" ಎಂದು ನನ್ನ ಹೊಲಿಗೆ ಪೆಟ್ಟಿಗೆಯನ್ನೇ ಮಗುಚಿದರು. ಎರಡು ದಿನವೂ, ಕಾಲೇಜು ಮುಗಿಯಿತು, ಹೋಗಿ ಕರೆತರುತ್ತೇನೆ ಎಂದು ಗೋಡೆಗೆ ಹೇಳಿದರು.

ಮೂರನೇ ದಿನ ಗೌರಾಬಾಯಿಯ ಪತ್ರ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಗುಳಿಗೆಯ ಮಾತಿಗೆ ತಲೆ ಅಲ್ಲಾಡಿಸಿದರು, ಮುಂದೆ ಹೋದರು. "ಮೂರನೇ ವರ್ಷ ಯಾಕ್ರಿ" ಎಂಬಲ್ಲಿ ನಿಂತರು. ಮತ್ತೆ ಅದೇ ಸಾಲು ಓದಿದರು, ಬಾಯಿಬಿಟ್ಟು.

"ನನ್ನ ಮಗಳು ಎಷ್ಟು ಕಲೀಬೇಕಂತ ಹೇಳಾಕ ಈಕಿ ಯಾರಬೇ? ನಾ ದೌಲತರಾಯ ಇನ್ನೂ ಜೀವಂತ ಅದೀನೋ ಇಲ್ಲೋ?"

ಒಂದು ವರ್ಷಕ್ಕೇ ಸಾಕು ಎಂದವರು ನೀವೇ ಅಲ್ಲವೇ ಎಂಬ ಮಾತು ನನ್ನ ನಾಲಿಗೆಯವರೆಗೆ ಬಂತು. ನುಂಗಿದೆ. ಮೆಲ್ಲಗೆ ಫಾರಂ ಮುಂದೆ ಸರಿಸಿದೆ. ಪೆನ್ನು ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದರು.

ಸಿಟ್ಟಿನಲ್ಲಿ ಹಾಕಿದ ಸಹಿಯೂ ಸಹಿಯೇ. ಆ ಸಿಟ್ಟು ಇಳಿಯುವ ಮೊದಲು ಕಳಿಸುತ್ತಿದ್ದೇನೆ. ಮುಟ್ಟಿದ ದಿನವೇ ಆಫೀಸಿಗೆ ಕೊಡು.

ಲಗ್ನದ ವಿಷಯ ಕೇಳಿದೆ. "ಹುಡುಗ ಬಾಯಿ ಬಿಡಲಿ, ಆಮ್ಯಾಲ ನೋಡೋಣ" ಅಂದರು. ನಿನ್ನನ್ನು ಇನ್ನೂ ಕ್ಷಮಿಸಿಲ್ಲ, ನನ್ನನ್ನೂ.

ಅವ್ವ


ಜೇವರ್ಗಿ
8 ಡಿಸೆಂಬರ್ 2024

ಶಾಂತಕುಮಾರ ಅವರಿಗೆ,

ನಿಮಗೆ ನೇರವಾಗಿ ಯಾರೂ ಏನೂ ತಿಳಿಸಿರಲಿಕ್ಕಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಪಾಡ್ಯದ ದಿನ ನೀವು ನೋಡಿದ ಜಡೆ ಹೊಲಿದದ್ದು. ನನ್ನ ಕೂದಲು ಗದ್ದದವರೆಗೆ ಇದೆ. ವಾರ್ಡಿನ ಕೆಲಸಕ್ಕಾಗಿ ಜೂನಿನಲ್ಲಿ ಕತ್ತರಿಸಿದೆ. ಕೆಲಸ ಮಾಡುವವರೆಗೆ ಹೀಗೇ ಇರುತ್ತದೆ. ಮೂರನೇ ವರ್ಷದ ಫಾರಂ ನಿನ್ನೆ ಕೊಟ್ಟಿದ್ದೇನೆ. ಅದು ಮುಗಿಯುವವರೆಗೆ ಲಗ್ನದ ಮಾತಿಲ್ಲ.

ನಿಮ್ಮ ಗುಳಿಗೆಯ ಬಗ್ಗೆ ನಿಮ್ಮ ತಾಯಿ ನಮ್ಮ ತಾಯಿಗೆ ಬರೆದಿದ್ದಾರೆ. ಬರೆದದ್ದು ನಿಮಗೆ ಗೊತ್ತಿದೆಯೋ ಇಲ್ಲವೋ ನನಗೆ ತಿಳಿಯದು. ವಸಡಿನ ತೊಂದರೆಯನ್ನು ನಿಮ್ಮ ಡಾಕ್ಟರಿಗೆ ತೋರಿಸಿ, ಗುಳಿಗೆ ಬದಲಿಸಲು ಬರುತ್ತದೋ ಕೇಳಿರಿ. ನೀವಾಗಿ ಒಂದು ಹೊತ್ತೂ ಬಿಡಬೇಡಿರಿ. ಎಷ್ಟು ವರ್ಷದಿಂದ, ಯಾವ ಗುಳಿಗೆ, ಕೊನೆಯ ಸಲ ಫಿಟ್ಸ್ ಬಂದದ್ದು ಯಾವಾಗ, ಇದನ್ನು ನಿಮ್ಮಿಂದಲೇ ತಿಳಿಯದೆ ನಾನು ಹೌದು ಎನ್ನಲಾರೆ. ಇಲ್ಲ ಎನ್ನಲೂ ಆರೆ.

ಉತ್ತರವನ್ನು ನೀವೇ ಬರೆಯಿರಿ. ಗೌರಾಬಾಯಿಯವರ ಅಕ್ಷರ ನಾನು ನೋಡಿದ್ದೇನೆ.

ಸಪ್ನಾ